ಕೆಂಪಂಚಿನ ಬಿಗೋನಿಯಾ

ಹೊಳವನಹಳ್ಳಿ
2 ಜೂನ್ 2024, ಭಾನುವಾರ

ಅತ್ತಿಗೆಗೆ,

ಸಂಜೆ ಆರೂಕಾಲು. ಇವತ್ತು ಬಟ್ಟೆ ಒಗೆದೆ, ರಾಗಿ ಬೀಸಿಸಿಕೊಂಡು ಬಂದೆ. ಮಧ್ಯಾಹ್ನ ನಾಲ್ಕು ಹನಿ ಮಳೆ ಬಿದ್ದು ನಿಂತಿತು. ಭಾನುವಾರ ಆರು ಗಂಟೆಗೆ ಅಣ್ಣ ಫೋನ್ ಮಾಡುತ್ತಿದ್ದ. ಅವನು ಹೋಗಿ ನಾಲ್ಕು ತಿಂಗಳಾಯಿತು, ಈಗಲೂ ಆ ಹೊತ್ತಿಗೆ ಫೋನ್ ಪಕ್ಕದಲ್ಲಿ ಕೂತುಬಿಡುತ್ತೇನೆ.

ನಿಮಗೆ ಫೋನ್ ಮಾಡಿದರೆ ರಿಂಗೇ ಆಗುವುದಿಲ್ಲ. ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ ಎಂದು ನಮ್ಮ ಅಂಗನವಾಡಿ ಟೀಚರ್ ಯಶಸ್ವಿನಿ ಹೇಳಿದಳು. ಅದಕ್ಕೇ ಈ ಕಾಗದ. ಮೊದಲು ಅಣ್ಣನ ಬಸ್ಸಿನಲ್ಲಿದ್ದು ಈಗ ನಮ್ಮೂರ ಬಸ್ಸಿಗೆ ಬಂದಿರುವ ಕಂಡಕ್ಟರ್ ಅಂಜನ್ ಕುಮಾರ್ ಅವರ ಕೈಯಲ್ಲಿ ಕಳಿಸುತ್ತೇನೆ.

ಒಂದೇ ವಿಷಯ. ಸಂಕ್ರಾಂತಿಗೆ ನೀವಿಬ್ಬರೂ ಇಲ್ಲಿಗೆ ಬಂದಾಗ ಅಣ್ಣ ನಿಮ್ಮ ಎದುರಿಗೇ ಹೇಳಿದ್ದ: "ಜಗದಾ, ಈ ಸಲ ಕೆಂಪಂಚಿನ ಬಿಗೋನಿಯಾದ್ದು ಒಂದು ಗೆಡ್ಡೆ ನಿಂಗೆ. ಜೂನ್‌ನಾಗೆ ಬಂದು ತಗೊಂಡೋಗು. ಆಲೂಗೆಡ್ಡೆ ಅಂದ್ಕೊಂಡು ಸಾರು ಮಾಡ್ಬುಟ್ಟೀಯ, ಹುಷಾರು!" ನೀವೂ ನಕ್ಕಿರಿ.

ಈಗ ಜೂನ್. ಅಣ್ಣನ ವಾಚು, ಬಟ್ಟೆ, ಫೋಟೋ ಯಾವುದನ್ನೂ ನಾನು ಕೇಳಲಿಲ್ಲ. ಆ ಹೂವಿನ ಒಂದು ಗೆಡ್ಡೆ ಮಾತ್ರ ಬೇಕು. ಅವನೇ ಕೊಟ್ಟಿದ್ದು, ನಾನು ಬೇಡುತ್ತಿಲ್ಲ.

ಜಗದಾಂಬ


ಮಧುಗಿರಿ
6 ಜೂನ್ 2024

ಜಗದಾಂಬ,

ನಿನ್ನ ಕಾಗದ ಬಂತು. ಗೆಡ್ಡೆ ಒಂದೂ ಇಲ್ಲ. ಎಲ್ಲ ಹೋದವು. ಹೇಗೆ ಹೋದವು ಎಂದು ಕೇಳಬೇಡ.

ನಂಬರ್ ಬ್ಲಾಕ್ ಮಾಡಿದ್ದು ನಿಜ. ತಿಂಗಳ ಎಡೆಯ ದಿನ ಅಷ್ಟು ಜನರ ಮುಂದೆ "ಟೈಮಿಗೆ ಫೋನ್ ಮಾಡಿದ್ರೆ ನಮ್ಮಣ್ಣ ಉಳೀತಿದ್ದ" ಅಂದೆಯಲ್ಲ, ಆಮೇಲೆ ನಿನ್ನ ದನಿ ನನಗೆ ಬೇಡ. ಬರೆಯುವುದಿದ್ದರೆ ಬರಿ. ಓದುವುದು ಬಿಡುವುದು ನನ್ನಿಷ್ಟ. ಅಂಜನ್ ಕುಮಾರ್ ಅವರು ಟಿಕೆಟ್ ಹರಿಯಬೇಕೋ ನಿನ್ನ ಕಾಗದ ಹೊರಬೇಕೋ, ಅದನ್ನೂ ಸ್ವಲ್ಪ ಯೋಚಿಸು.

ಆಶಾರಾಣಿ


ಹೊಳವನಹಳ್ಳಿ
11 ಜೂನ್ 2024

ಅತ್ತಿಗೆಗೆ,

ಸಂಜೆ ಐದೂವರೆ. ಇವತ್ತು ಅಂಗನವಾಡಿಗೆ ಹದಿನೆಂಟು ಮಕ್ಕಳು ಬಂದಿದ್ದವು. ಮೊಟ್ಟೆ ಬೇಯಿಸಿ ಸಿಪ್ಪೆ ಬಿಡಿಸಿಕೊಟ್ಟೆ. ಪಾತ್ರೆ ತೊಳೆದು ಬಾಗಿಲು ಹಾಕಿ ಬಂದೆ. ಅಂಜನ್ ಕುಮಾರ್ ಅವರು ಬಸ್ ನಿಲ್ಲಿಸಿ ಕಾಗದ ಕೊಟ್ಟರು. "ಏನಮ್ಮ, ಅತ್ತಿಗೆ ನಾದಿನಿ ಲವ್ ಲೆಟರ್ ಜೋರಾಗೈತೆ" ಎಂದರು. ಅವರಿಗೆ ಒಳಗಿನದು ಗೊತ್ತಿಲ್ಲ.

ಹೋದವು ಎಂದರೇನು? ಕಾಲು ಬಂದು ನಡೆದುಕೊಂಡು ಹೋದವೇ? ಊಟಿಗೆ ಮದುವೆ ದಿಬ್ಬಣದ ಬಸ್ಸು ಹೊಡೆದಾಗ ಅಣ್ಣ ಮೂರು ಗೆಡ್ಡೆ ತಂದಿದ್ದ. ಒಂಬತ್ತು ವರ್ಷ ಹೂ ಬಿಡಿಸಿದ. ಬೆಟ್ಟದ ಬಂಡೆ ಕಾದು ಸಂಜೆವರೆಗೂ ಬಿಸಿ ಕಾರುವ ಮಧುಗಿರಿಯಲ್ಲಿ ಈ ಹೂವನ್ನು ಬೇರೆ ಯಾರೂ ಉಳಿಸಿಕೊಂಡಿಲ್ಲ. ಪ್ರತಿ ಭಾನುವಾರ ಅವನು ಹೇಳಿದ್ದನ್ನೆಲ್ಲ ನನ್ನ ದಿನದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಗೆಡ್ಡೆಯ ಗುಂಡಿ ಇರುವ ಮುಖ ಮೇಲಕ್ಕೆ ಬರಬೇಕು. ಆ ಗುಂಡಿಯಲ್ಲಿ ನೀರು ನಿಂತರೆ ಮೂರು ದಿನದಲ್ಲಿ ಕೊಳೆಯುತ್ತದೆ. ನೀರನ್ನು ಕುಂಡದ ಅಂಚಿಗೆ ಮಾತ್ರ ಹಾಕಬೇಕು. ಬಿಸಿಲು ಬೀಳಬಾರದು, ಗಾಳಿ ಆಡಬೇಕು.

ನೀವು ನೀರು ಸುರಿದು ಕೊಳೆಸಿದ್ದೀರಿ. ಇಲ್ಲವೇ ನಿಮ್ಮ ಕಡೆಯವರಿಗೆ ಕೊಟ್ಟಿದ್ದೀರಿ. ಎರಡರಲ್ಲಿ ಯಾವುದು ಎಂದು ಹೇಳಿಬಿಡಿ. ಆಸ್ಪತ್ರೆಗೆ ಸೇರಿಸಿದ ಮೇಲೂ ನಾಲ್ಕು ಗಂಟೆ ನನಗೆ ಹೇಳಲಿಲ್ಲ. ಇದನ್ನೂ ಹೇಳುವುದಿಲ್ಲ. ಮುಚ್ಚಿಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ.

ಜಗದಾಂಬ


ಮಧುಗಿರಿ
20 ಜೂನ್ 2024

ಜಗದಾಂಬ,

ನೀರು ಹಾಕಿ ಕೊಳೆಸಿದೆ ಎಂದೇ ಇಟ್ಟುಕೋ. ಅದರಿಂದ ನಿನಗೆ ನಿದ್ದೆ ಬರುವುದಾದರೆ ಬರಲಿ.

ಆದರೆ ಒಂದು ಕೇಳುತ್ತೇನೆ. ಒಂಬತ್ತು ವರ್ಷದಲ್ಲಿ ಒಂದು ಸಲವಾದರೂ ನೀನು ಆ ಕುಂಡಗಳ ಸುತ್ತ ಗೋಣಿಚೀಲ ನೆನೆಸಿ ಹೊದಿಸಿದ್ದೀಯಾ? ನಿಮ್ಮಣ್ಣ ಬೆಳಗ್ಗೆ ಐದಕ್ಕೆ ಪಾವಗಡದ ಬಸ್ಸು ಹತ್ತಿದರೆ ಮನೆಗೆ ಬರುವುದು ಕತ್ತಲಾದ ಮೇಲೆ. ದಿನಕ್ಕೆ ಮೂರು ಸಲ ಗೋಣಿ ನೆನೆಸಿದ್ದು ಯಾರು? ಎಲೆಗೆ ಬಿಳಿ ಬೂದಿ ರೋಗ ಹತ್ತಿದರೆ ಒಂದೊಂದೇ ಎಲೆ ಕಿತ್ತು ದೂರ ಹಾಕಿದ್ದು ಯಾರು? ಭಾನುವಾರ ಅವರು ಫೋನಿನಲ್ಲಿ ನಿನಗೆ ಪಾಠ ಹೇಳುತ್ತಿದ್ದರು, ನೀನು ಬರೆದುಕೊಳ್ಳುತ್ತಿದ್ದೆ. ನನ್ನ ಕೈ ಮಣ್ಣಾಗಿರುತ್ತಿತ್ತು.

ಇನ್ನೊಂದು ಹೇಳುತ್ತೇನೆ, ಇದನ್ನೂ ನಿನ್ನ ಪುಸ್ತಕಕ್ಕೆ ಸೇರಿಸಿಕೋ. ಬಿಗೋನಿಯಾದ ಗೊಂಚಲಿನಲ್ಲಿ ನಡುವಿನ ದೊಡ್ಡ ಹೂ ಗಂಡು. ಅದರ ಎರಡು ಪಕ್ಕ ಎರಡು ಸಣ್ಣ ಹೆಣ್ಣು ಹೂ. ಆ ಎರಡನ್ನು ಮೊಗ್ಗಿನಲ್ಲೇ ಚಿವುಟಿದರೆ ನಡುವಿನದು ಅಂಗೈಯಗಲ ಅರಳುತ್ತದೆ. "ಇದು ನೀನು, ಇದು ಜಗದಾ, ನಡುವೆ ನಾನು ಸಿಕ್ಕಾಕ್ಕೊಂಡಿವ್ನಿ" ಎಂದು ನಿಮ್ಮಣ್ಣ ನಗುತ್ತಿದ್ದರು. ಚಿವುಟುವ ಕೆಲಸ ನನ್ನದು. ನಿನ್ನದನ್ನೇ ಮೊದಲು ಚಿವುಟುತ್ತಿದ್ದೆ.

ಇನ್ನು ಗೆಡ್ಡೆಯ ವಿಷಯಕ್ಕೆ ಬರೆಯಬೇಡ.

ಆಶಾರಾಣಿ


ಹೊಳವನಹಳ್ಳಿ
14 ಅಕ್ಟೋಬರ್ 2024

ಆಶಾರಾಣಿಗೆ,

ಸಂಜೆ ನಾಲ್ಕೂಮುಕ್ಕಾಲು. ಇಂದು ನಡೆದದ್ದು ಒಂದೇ, ಅದನ್ನೇ ಬರೆಯುತ್ತೇನೆ.

ಯಶಸ್ವಿನಿ ಹಬ್ಬಕ್ಕೆ ಸಿರಾದಲ್ಲಿರುವ ತಾಯಿಮನೆಗೆ ಹೋಗಿದ್ದಳು. ನಿನ್ನ ತಂಗಿ ಅನುಷಾಳ ಮನೆ ಅವರ ಹಿಂದಿನ ಬೀದಿಯಲ್ಲೇ ಇದೆಯಂತೆ. "ಜಗದಕ್ಕ, ಈ ಹೂ ನೋಡಿ, ಕಾಗದದ್ದು ಅಂದ್ಕೊಂಡು ಮುಟ್ಟಿ ನೋಡ್ದೆ" ಎಂದು ಫೋನಿನಲ್ಲಿ ಫೋಟೋ ತೋರಿಸಿದಳು. ಬಾವಿಕಟ್ಟೆ ಪಕ್ಕ ಒಂದು ಕುಂಡ. ಹಳದಿ ಹೂ, ಪ್ರತಿ ಎಸಳಿಗೂ ಸೀರೆಗೆ ಹಾಕಿದಂತೆ ಕೆಂಪು ಅಂಚು. ನನಗೆ ಗುರುತು ಸಿಗುವುದಿಲ್ಲವೇ?

ನಿನ್ನನ್ನು ಇನ್ನು ಬಹುವಚನದಲ್ಲಿ ಕರೆಯಲಾರೆ. ಒಂದೂ ಇಲ್ಲ ಅಂದೆ. ಹೋದವು ಅಂದೆ. ಸತ್ತವನು ಬಾಯಿಬಿಟ್ಟು ನನಗೆ ಕೊಟ್ಟಿದ್ದನ್ನು ನಿನ್ನ ತಂಗಿಯ ಬಾವಿಕಟ್ಟೆಗೆ ಸಾಗಿಸಿದೆ. ಆಸ್ಪತ್ರೆಯ ಬಾಗಿಲಲ್ಲಿ ನನ್ನನ್ನು ಹೊರಗಿಟ್ಟೆ. ಈಗ ಅವನ ಗಿಡದಿಂದಲೂ ಹೊರಗಿಟ್ಟೆ. ನನ್ನ ಅಣ್ಣ ನಿನಗೆ ಗಂಡನಾಗಿದ್ದು ಇಪ್ಪತ್ತೆರಡು ವರ್ಷ. ನನಗೆ ಅಣ್ಣನಾಗಿದ್ದು ನಲವತ್ತೇಳು ವರ್ಷ.

ತಿಥಿ ಪ್ರಕಾರ ಜನವರಿಯಲ್ಲಿ ಬರುವ ವರ್ಷದ ಕಾರ್ಯಕ್ಕೆ ನಾನು ಬರುವುದಿಲ್ಲ. ತಂಗಿ ಯಾಕೆ ಬರಲಿಲ್ಲ ಎಂದು ಬಂದವರು ಕೇಳಿದರೆ ಗೆಡ್ಡೆ ಕದ್ದ ಕತೆ ಹೇಳು.

ಜಗದಾಂಬ


ಮಧುಗಿರಿ
18 ಅಕ್ಟೋಬರ್ 2024

ಜಗದಾಂಬ,

ಸಿರಾದ ಹೂವಿನ ವಿಷಯ ಆಮೇಲೆ. ದಿನಾ ಬರೆದಿಡುವ ಅಭ್ಯಾಸ ನಿನ್ನದಲ್ಲವೇ? ಫೆಬ್ರವರಿ ಹದಿಮೂರರ ಪುಟ ತೆಗೆ. ನಿಮ್ಮಣ್ಣನ ಹನ್ನೊಂದನೇ ದಿನದ ಕಾರ್ಯ. ಅವತ್ತು ನನ್ನ ಮನೆಯಲ್ಲಿ ನೀನು ಏನೇನು ಮಾಡಿದೆ ಎಂದು ಓದು. ನೀನು ಬರೆದಿರುತ್ತೀಯ, ನನಗೆ ಗೊತ್ತು. ಎಷ್ಟು ಬಿಂದಿಗೆ ನೀರು ಹೊತ್ತೆ ಎಂದೂ ಬರೆಯುವವಳು ನೀನು.

ಅವತ್ತು ನನ್ನನ್ನು ಹಿಂದಿನ ಕೋಣೆಯ ಮೂಲೆಯಲ್ಲಿ ಕೂರಿಸಿದ್ದರು, ಮುಸುಕು ಹಾಕಿ. ಏಳುವ ಹಾಗಿಲ್ಲ, ಮಾತಾಡುವ ಹಾಗಿಲ್ಲ. ಹಿತ್ತಿಲಿನಿಂದ ಸದ್ದು ಕೇಳಿತು. ಮೊದಲನೆಯದಕ್ಕೆ ಏನೆಂದು ತಿಳಿಯಲಿಲ್ಲ. ಎರಡನೆಯದಕ್ಕೆ ತಿಳಿಯಿತು. "ಜಗದಾ" ಎಂದು ಕೂಗಿದೆ. ಪಕ್ಕದಲ್ಲಿದ್ದ ಮಾರಕ್ಕಜ್ಜಿ ನನ್ನ ಬಾಯಿಗೆ ಕೈ ಇಟ್ಟು "ಸುಮ್ಕಿರು ಕಣಮ್ಮ, ಮುಂಡೆ ದನಿ ಇವತ್ತು ಹೊಸ್ಲು ದಾಟ್ಬಾರ್ದು" ಅಂದಳು. ಒಟ್ಟು ಐದು ಸದ್ದು. ಐದನ್ನೂ ಎಣಿಸಿದೆ.

ಆಸ್ಪತ್ರೆಯ ನಾಲ್ಕು ಗಂಟೆಯ ವಿಷಯ. ಅವರೇ ಬೇಡ ಅಂದಿದ್ದರು. "ಜಗದಂಗೆ ಈಗ್ಲೇ ಹೇಳ್ಬೇಡ, ಬಸ್ಸಾಗೆಲ್ಲಾ ಅತ್ಕೊಂಡ್ ಬತ್ತಾಳೆ. ಡಾಕ್ಟ್ರು ಬರ್ಲಿ" ಅಂದರು. ಇದನ್ನು ತಿಂಗಳ ಎಡೆಯ ದಿನವೇ ನಿನ್ನ ಮುಖಕ್ಕೆ ಹೇಳಬಹುದಿತ್ತು. ಹೇಳಲಿಲ್ಲ. ಈಗ ಯಾಕೆ ಹೇಳಿದೆ ಎಂದರೆ, ಕಳ್ಳಿ ಅನ್ನಿಸಿಕೊಂಡು ಇನ್ನು ಸುಮ್ಮನಿರಲಾರೆ.

ಆಶಾರಾಣಿ


ಹೊಳವನಹಳ್ಳಿ
1 ಡಿಸೆಂಬರ್ 2024, ಭಾನುವಾರ

ಅತ್ತಿಗೆಗೆ,

ಮಧ್ಯಾಹ್ನ ಮೂರು ಗಂಟೆ. ಇವತ್ತು ಬೆಳಗ್ಗೆಯಿಂದ ಒಲೆ ಹಚ್ಚಲಿಲ್ಲ. ನಿನ್ನೆಯ ಮುದ್ದೆ ಇತ್ತು, ಅದನ್ನೇ ಮಜ್ಜಿಗೆಯಲ್ಲಿ ಕಲಸಿಕೊಂಡು ಕುಡಿದೆ.

ನಿಮ್ಮ ಕಾಗದ ಬಂದ ದಿನವೇ ಪುಸ್ತಕ ತೆಗೆದೆ. ಒಂದೂವರೆ ತಿಂಗಳಲ್ಲಿ ನಾಲ್ಕು ಕಾಗದ ಬರೆದು ಹರಿದೆ. ಒಂದರಲ್ಲಿ ತಪ್ಪು ನಿಮ್ಮದೇ ಎಂದು ಬರೆದಿದ್ದೆ. ಇನ್ನೊಂದರಲ್ಲಿ ಮಾರಕ್ಕಜ್ಜಿಯದು ಎಂದು. ಈಗ ಆ ಪುಟವನ್ನು ಇದ್ದ ಹಾಗೆ ಇಳಿಸುತ್ತೇನೆ.

"ಫೆಬ್ರವರಿ 13, ಮಂಗಳವಾರ. ರಾತ್ರಿ ಎಂಟೂವರೆ. ಅಣ್ಣನ ಹನ್ನೊಂದು ಮುಗಿಯಿತು. ಮನೆ ತೊಳೆದೆವು. ಹದಿನಾಲ್ಕು ಬಿಂದಿಗೆ ನೀರು ಹೊತ್ತೆ. ಅಡುಗೆಮನೆಯ ಎರಡು ಮಡಕೆ, ಕತ್ತಲೆ ಕೋಣೆಯ ಮೂರು ಮಡಕೆ ತಿಪ್ಪೆಗೆ ಒಯ್ದು ಒಡೆದೆ. ಕತ್ತಲೆ ಕೋಣೆಯವು ತುಂಬ ಭಾರ, ಒಣ ಮರಳು ತುಂಬಿತ್ತು. ಮರಳಿನಲ್ಲಿ ಸುವರ್ಣಗೆಡ್ಡೆಯಂಥ ಒಣ ಚೂರುಗಳು. ಹುಳ ಹಿಡಿದವು ಅನ್ನಿಸಿತು. ಸೊಂಟ ನೋವು. ಅತ್ತಿಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ."

ಇಷ್ಟೇ ಇರುವುದು.

ಸಾವಿನ ಮನೆಯ ಮಣ್ಣಿನ ಮಡಕೆಯನ್ನು ಹನ್ನೊಂದರ ದಿನ ಮನೆ ಹೆಣ್ಣುಮಗಳೇ ಹೊರಗೆ ಹಾಕಿ ಒಡೆಯಬೇಕು ಎನ್ನುವುದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಅಜ್ಜಿ ಹೋದಾಗ ನಮ್ಮ ದೊಡ್ಡತ್ತೆ ಒಡೆದಿದ್ದನ್ನು ನೋಡಿದ್ದೇನೆ. ಅಡುಗೆಮನೆಯವನ್ನು ಒಡೆದಿದ್ದರೆ ಸಾಕಿತ್ತು. ಒಂದನ್ನೂ ಬಿಡಬಾರದು ಎಂದು ನಾನೇ ಹುಡುಕಿಕೊಂಡು ಕತ್ತಲೆ ಕೋಣೆಗೆ ಹೋದೆ. ಅಣ್ಣನಿಗೆ ಏನೂ ಕಡಿಮೆಯಾಗಬಾರದು ಎಂದುಕೊಂಡೆ.

ಜನವರಿಯಲ್ಲಿ ಗಿಡ ಹಳದಿಯಾದ ಮೇಲೆ ನೀರು ನಿಲ್ಲಿಸಬೇಕು, ಗೆಡ್ಡೆ ತೆಗೆದು ಒಣ ಮರಳಿನಲ್ಲಿ ಇಡಬೇಕು ಎಂದು ಅವನು ಹೇಳಿದ್ದು ಒಂಬತ್ತು ಕಡೆ ಬರೆದಿದ್ದೇನೆ. ಯಾವ ಪಾತ್ರೆಯಲ್ಲಿ ಎಂದು ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಒಂಬತ್ತು ವರ್ಷ ಹೂವನ್ನು ಮಾತ್ರ ನೋಡಿದೆ. ಗೆಡ್ಡೆಯನ್ನು ಒಮ್ಮೆಯೂ ಕಣ್ಣಲ್ಲಿ ನೋಡಿರಲಿಲ್ಲ.

ಒಡೆದವಳು ನಾನು. ಕಳ್ಳಿ ಎಂದದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ. ಆಸ್ಪತ್ರೆಯ ಮಾತನ್ನೂ. ಆದರೆ ಅತ್ತಿಗೆ, ನೀವು ಎಂಟು ತಿಂಗಳು ಯಾಕೆ ಸುಮ್ಮನಿದ್ದಿರಿ? ಜೂನಿನಲ್ಲೇ ಒಂದು ಸಾಲು ಬರೆದಿದ್ದರೆ ನಾನು ಇಷ್ಟು ಕೆಟ್ಟವಳಾಗುತ್ತಿರಲಿಲ್ಲ. ಸಿರಾದ ಹೂ ಎಲ್ಲಿಂದ ಬಂತು?

ಜಗದಾಂಬ


ಮಧುಗಿರಿ
12 ಜನವರಿ 2025

ಜಗದಾಂಬ,

ಯಾಕೆ ಸುಮ್ಮನಿದ್ದೆ ಎಂದು ಕೇಳಿದ್ದೀಯ. ನಿನ್ನ ಮೇಲಿನ ಕರುಣೆಯಿಂದಲ್ಲ, ಹಾಗೆಂದುಕೊಳ್ಳಬೇಡ. ಹೇಳಿದರೆ ನೀನು ಬಂದು ನನ್ನ ಜಗುಲಿಯಲ್ಲಿ ಕೂತು ಅಳುತ್ತೀಯ, ನಾನು ನಿನಗೆ ನೀರು ಕೊಟ್ಟು ಸಮಾಧಾನ ಮಾಡಬೇಕಾಗುತ್ತದೆ. ಅದು ನನ್ನಿಂದ ಆಗುತ್ತಿರಲಿಲ್ಲ. ನೀನು ಬೈಯುತ್ತಿದ್ದರೆ ನಾನೂ ಬೈಯಬಹುದಿತ್ತು.

ಹನ್ನೊಂದರ ದಿನ ಜನ ಹೋದ ಮೇಲೆ ಮುಸುಕು ತೆಗೆದು ಹಿತ್ತಿಲಿಗೆ ಹೋದೆ. ತಿಪ್ಪೆಯಲ್ಲಿ ಕೈಯಾಡಿಸಿದೆ. ನಾಯಿಗಳು ಎಡೆಯ ಅನ್ನಕ್ಕೆ ಬಂದು ಎಲ್ಲ ಕೆದರಿದ್ದವು. ಹನ್ನೊಂದು ಗೆಡ್ಡೆಗಳಲ್ಲಿ ಕೆಲವು ಜಜ್ಜಿಹೋಗಿದ್ದವು, ಕೆಲವು ಸಿಗಲೇ ಇಲ್ಲ. ಕೆಂಪಂಚಿನದು ಅರ್ಧ ಹೋಳು ಸಿಕ್ಕಿತು. ಅದರಲ್ಲಿ ಒಂದೇ ಒಂದು ಕಣ್ಣು ಉಳಿದಿತ್ತು, ಸಾಸಿವೆಯಷ್ಟು, ಕೆಂಪಗೆ. ಕಣ್ಣಿದ್ದರೆ ಹೋಳೂ ಚಿಗುರುತ್ತದೆ ಎಂದು ನಿಮ್ಮಣ್ಣ ಹೇಳಿದ್ದರು. ಗಾಯಕ್ಕೆ ಒಲೆಯ ಬೂದಿ ಹಚ್ಚಿ ನಾಲ್ಕು ದಿನ ನೆರಳಲ್ಲಿ ಒಣಗಿಸಿ ಮರಳಿನಲ್ಲಿಟ್ಟೆ. ಜೂನಿನಲ್ಲಿ ನಿನ್ನ ಮೊದಲ ಕಾಗದ ಬಂದ ಮಾರನೇ ದಿನವೇ ಸಿರಾಕ್ಕೆ ಒಯ್ದು ಅನುಷಾಳ ಮನೆಯಲ್ಲಿ ನೆಟ್ಟೆ. ಬಾವಿಯ ಹತ್ತಿರ ತಂಪು, ಅದೊಂದು ಕಾರಣ. ನೀನು ಬಂದರೆ ಕಾಣಬಾರದು, ಇದು ಇನ್ನೊಂದು. ಎರಡನೆಯದೇ ದೊಡ್ಡದು. ಒಂದೂ ಇಲ್ಲ ಎಂದು ಬರೆದಾಗ ಅದು ನನ್ನ ಚೀಲದಲ್ಲಿತ್ತು. ಸುಳ್ಳು ಹೇಳಿದೆ. ಒಡೆದವಳ ಕೈಗೇ ಕೊಡಬೇಕೇ ಅನ್ನಿಸಿತು. ಇವತ್ತಿಗೂ ಅನ್ನಿಸುತ್ತದೆ.

ಮೊನ್ನೆ ಕುಂಡವನ್ನು ಮನೆಗೆ ತಂದೆ. ಎಲೆ ಹಳದಿಯಾಗಿದೆ. ಈಗ ನನಗೆ ಭಯ. ಗಿಡ ನೋಡಿಕೊಂಡಿದ್ದು ನಾನೇ, ಆದರೆ ಗೆಡ್ಡೆ ತೆಗೆಯುವುದಕ್ಕೆ ಅವರು ನನ್ನನ್ನು ಬಿಡುತ್ತಿರಲಿಲ್ಲ. ಸಂಕ್ರಾಂತಿ ರಜೆಯಲ್ಲಿ ಅವರೇ ಕೂತು ತೆಗೆಯುತ್ತಿದ್ದರು. ಕಾಂಡವನ್ನು ಕತ್ತರಿಸಬೇಕೋ, ಕೀಳಬೇಕೋ? ಎಷ್ಟು ದಿನ ಒಣಗಿಸಬೇಕು? ಇರುವುದು ಇದೊಂದೇ. ನಿನ್ನ ಪುಸ್ತಕದಲ್ಲಿದ್ದರೆ ಬರೆದು ಕಳಿಸು. ಕಳಿಸದಿದ್ದರೆ ನನ್ನ ಕೈಲಾದದ್ದು ಮಾಡುತ್ತೇನೆ.

ಗೆಡ್ಡೆಯನ್ನು ನಿನಗೆ ಕೊಡುವುದಿಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ.

ವರ್ಷದ ಕಾರ್ಯ 23ಕ್ಕೆ. ತಂಗಿ ಇಡದ ಎಡೆ ಅವರಿಗೆ ಸೇರುವುದಿಲ್ಲ ಎಂದು ಜನ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಬರುವುದು ಬಿಡುವುದು ನಿನ್ನಿಷ್ಟ. ಬಂದರೆ ಕತ್ತಲೆ ಕೋಣೆಗೆ ಬೀಗ ಹಾಕಿರುತ್ತೇನೆ.

ಆಶಾರಾಣಿ


ಹೊಳವನಹಳ್ಳಿ
22 ಜನವರಿ 2025, ಬುಧವಾರ

ಅತ್ತಿಗೆಗೆ,

ಮಧ್ಯಾಹ್ನ ಎರಡೂಕಾಲು. ಮಕ್ಕಳು ಊಟ ಮಾಡಿ ಮಲಗಿವೆ. ಇವತ್ತು ಅವರೆಕಾಳು ಹಾಕಿ ಸಾರು ಮಾಡಿದ್ದೆ. ಒಂದು ಮಗು ಎರಡು ಸಲ ಕೇಳಿ ಹಾಕಿಸಿಕೊಂಡಿತು.

ನಿಮ್ಮ ಕಾಗದಕ್ಕೆ ಹತ್ತು ದಿನ ಉತ್ತರ ಬರೆಯಲಿಲ್ಲ. ಬೇಕೆಂದೇ ಬರೆಯಲಿಲ್ಲ. ಚೀಲದಲ್ಲಿ ಗೆಡ್ಡೆ ಇಟ್ಟುಕೊಂಡು ಒಂದೂ ಇಲ್ಲ ಎಂದು ಬರೆದಿರಿ. ನಿಮಗೆ ಗೊತ್ತಿಲ್ಲದ್ದು ನನ್ನ ಹತ್ತಿರ ಇದೆ, ನಾನೂ ಇಲ್ಲ ಎಂದರೆ ಹೇಗಿರುತ್ತದೆ ಎಂದು ನೋಡಿದೆ. ಹತ್ತು ದಿನವೂ ಆ ಹೋಳು ಕೊಳೆಯುತ್ತಿದೆ ಎಂದು ರಾತ್ರಿ ಎದ್ದು ಪುಸ್ತಕ ತಿರುವಿದೆ. ನಿಮಗೆ ಎಂಟು ತಿಂಗಳು ಹೇಗೆ ತಡೆಯಲು ಆಯಿತೋ ನನಗೆ ತಿಳಿಯದು.

ಅಣ್ಣ ಬೇರೆಬೇರೆ ವರ್ಷ ಹೇಳಿದ್ದನ್ನು ಒಟ್ಟು ಮಾಡಿ ಬರೆದಿದ್ದೇನೆ.

ಕಾಂಡವನ್ನು ಕತ್ತರಿಸಬೇಡಿ, ಕೀಳಬೇಡಿ. ನೀರು ನಿಲ್ಲಿಸಿದ ಮೇಲೆ ಅದೇ ಗೆಣ್ಣು ಗೆಣ್ಣಾಗಿ ಕಳಚಿ ಬೀಳುತ್ತದೆ. "ಕಿತ್ರೆ ಗೆಡ್ಡೆಗೆ ಗಾಯ ಆಯ್ತದೆ. ಅದು ತಾನಾಗಿ ಬುಡ್ಬೇಕು" ಎಂದಿದ್ದ, 2019ರಲ್ಲಿ. ಕಾಂಡ ಬಿದ್ದ ಮೇಲೆ ವಾರ ಬಿಟ್ಟು ಗೆಡ್ಡೆ ತೆಗೆಯಿರಿ. ತೊಳೆಯಬೇಡಿ. ಮಣ್ಣನ್ನು ಬೆರಳಲ್ಲಿ ಉದುರಿಸಿ. ಗಾಳಿಯಾಡುವ ನೆರಳಲ್ಲಿ ಪೇಪರ್ ಮೇಲೆ ಎಂಟು ದಿನ ಇಡಿ. ಅದರ ಮೇಲೆ ಕಾಂಡದ ಚೂರು ಅಂಟಿಕೊಂಡಿದ್ದರೆ ಅದೂ ಉದುರುವ ತನಕ ಕಾಯಿರಿ, ಇಲ್ಲದಿದ್ದರೆ ಕೊಳೆ ಅಲ್ಲಿಂದಲೇ ಶುರುವಾಗುತ್ತದೆ. ಆಮೇಲೆ ಒಣ ಮರಳು. ತಿಂಗಳಿಗೊಮ್ಮೆ ತೆಗೆದು ಹಿಸುಕಿ ನೋಡಿ, ಗಟ್ಟಿ ಇರಬೇಕು. ತೀರ ಸುಕ್ಕಾಗಿದ್ದರೆ ಮರಳಿಗೆ ನಾಲ್ಕು ಹನಿ ನೀರು ಚಿಮುಕಿಸಿ, ಗೆಡ್ಡೆಗೆ ಬೇಡ. ಬೇಸಿಗೆಯಲ್ಲಿ ಮಡಕೆಯನ್ನು ನೆಲಕ್ಕೆ ತಾಗಿಸಿ ಇಡಿ, ಅಟ್ಟದ ಮೇಲೆ ಬೇಡ.

ಇದಕ್ಕೆ ಬದಲಾಗಿ ನನಗೆ ಏನೂ ಬೇಡ. ಗೆಡ್ಡೆಯೂ ಬೇಡ. ಅದನ್ನು ತಿಪ್ಪೆಯಿಂದ ಎತ್ತಿದ್ದು ನೀವು, ನೆಟ್ಟಿದ್ದು ನೀವು. ಅಣ್ಣ ನನಗೆ ಕೊಟ್ಟದ್ದನ್ನು ನಾನೇ ಒಡೆದೆ, ಅಲ್ಲಿಗೆ ಮುಗಿಯಿತು. ಆದರೆ ಜೂನಿನ ಸುಳ್ಳನ್ನು ನಾನು ಮರೆಯುವುದಿಲ್ಲ. ಕತ್ತಲೆ ಕೋಣೆಯನ್ನು ನೀವೂ ಮರೆಯಬೇಡಿ. ಮರೆತೆವು ಎಂದು ಇಬ್ಬರೂ ಸುಳ್ಳು ಹೇಳಿಕೊಂಡು ಎದುರುಬದುರು ಕೂರುವುದು ಬೇಡ.

ಅಂಜನ್ ಕುಮಾರ್ ಅವರ ಸಂಜೆಯ ಬಸ್ಸಿಗೆ ಈ ಕಾಗದ ಕೊಡುತ್ತೇನೆ, ಇವತ್ತೇ ನಿಮ್ಮ ಕೈ ಸೇರುತ್ತದೆ. ಎಡೆಗೆ ಅಣ್ಣನಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರನ್ನು ನಾನೇ ಮಾಡುತ್ತೇನೆ. ಕಾಳು ನೆನೆಹಾಕಬೇಡಿ, ಇಲ್ಲಿಂದಲೇ ಬೇಯಿಸಿ ತರುತ್ತೇನೆ.

ನಾಳೆ ಗುರುವಾರ. ಅಂಗನವಾಡಿಗೆ ರಜೆ ಹಾಕಿದ್ದೇನೆ.

ಜಗದಾಂಬ